ಅತ್ತರೆ ವಿಶ್ವಾಸ ಕಡಿಮೆಯಾಗುವುದಿಲ್ಲ

ಮಗಳೇ, ಅಪ್ಪನನ್ನು ಮಣ್ಣು ಮಾಡಿ ಬಂದಾಗಿನಿಂದ ಮನೆಗೆ ಬಂದವರೆಲ್ಲ ನಿನಗೆ ಒಂದೇ ಮಾತು ಹೇಳುತ್ತಿದ್ದಾರೆ: "ದೇವರ ಚಿತ್ತ, ಅಳಬಾರದು." ಅವರ ಪ್ರೀತಿಗೆ ಕೊರತೆಯಿಲ್ಲ. ಆದರೂ ಆ ಮಾತಿಗೆ ಹೆದರಿ ನೀನು ದುಃಖ ನುಂಗಿಕೊಂಡು ಕೂರಬೇಡ.

ಬೇಥಾನ್ಯದಲ್ಲಿ ಲಾಜರ ಸತ್ತಾಗ ಯೇಸುಸ್ವಾಮಿಯೂ ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತ. ನೀನು ತಡಮಾಡಿದೆ ಎಂದು ಲಾಜರನ ಸಹೋದರಿಯರಾದ ಮಾರ್ಥ, ಮರಿಯ ಇಬ್ಬರೂ ಮುಖಕ್ಕೇ ಹೇಳಿದರು, ಅವನು ಗದರಿಸಲಿಲ್ಲ. ಕೀರ್ತನೆಗಳ ಪುಸ್ತಕ ತೆಗೆದು ನೋಡು, 150ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಿನವೇ. 88ನೆಯದಂತೂ ಕತ್ತಲಲ್ಲೇ ಮುಗಿದುಬಿಡುತ್ತದೆ. ಅದನ್ನೂ ಹಿರಿಯರು ಪ್ರಾರ್ಥನೆಯೆಂದೇ ಉಳಿಸಿಕೊಂಡು ಬಂದಿದ್ದಾರೆ.

ಎಲ್ಲ ಕಳೆದುಕೊಂಡಿದ್ದ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿ ತೆರೆದರು ನೋಡು, ನೀನೇ ಏನೋ ಪಾಪ ಮಾಡಿರಬೇಕು ಎಂದು ಶುರುಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಮುಂದೆ ನೀನೂ ಯಾರದಾದರೂ ಸಾವಿನ ಮನೆಗೆ ಹೋಗುತ್ತೀ. ಆಗ ಆ ಏಳು ದಿನ ನೆನಪಿರಲಿ.

ಹಾಗಾದರೆ ನಿರೀಕ್ಷೆ ಎಲ್ಲಿ ಎಂದು ಕೇಳುತ್ತೀಯಲ್ಲ? ನಮ್ಮ ಕಡೆಯವರೂ ಚಿಕಿತ್ಸೆಗೆ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ಕೇರಳದ ಡಾಕ್ಟರಿದ್ದರು. ಇನ್ನೂ ಚಿಕ್ಕ ವಯಸ್ಸು. 1954ರಲ್ಲಿ ಅವರಿದ್ದ ವಾಹನ ಅಪಘಾತಕ್ಕೀಡಾಗಿ ಬೆನ್ನುಹುರಿಗೆ ಪೆಟ್ಟುಬಿತ್ತು. ಕಾಲುಗಳ ಸ್ವಾಧೀನ ಹೋಯಿತು. ಆದರೆ ಕೈಗಳು ನೆಟ್ಟಗಿದ್ದವು. ಅಲ್ಲಿನ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲಿ ಕುಳಿತೇ, ಕುಷ್ಠದಿಂದ ಮಡಚಿಕೊಂಡಿದ್ದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಮೆರಿಕಕ್ಕೆ ಹೋಗಿ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅವರ ಮುಂದಾಳತ್ವದಲ್ಲಿ ಪುನರ್ವಸತಿ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. ಕಾಲು ಮಾತ್ರ ತಿರುಗಿ ಬರಲಿಲ್ಲ.

ನಮ್ಮ ನಿರೀಕ್ಷೆಯೂ ಇಂಥದ್ದೇ. ಎದ್ದು ಬಂದ ಯೇಸುವಿನ ಮೈಮೇಲೆ ಮೊಳೆಯ ಗುರುತುಗಳು ಹಾಗೇ ಇದ್ದವು. ತೋಮನಿಗೆ ತೋರಿಸಿದ್ದು ಅವನ್ನೇ. ಅಪ್ಪ ಇಲ್ಲದ ಜಾಗ ಮುಂದೆಯೂ ಖಾಲಿಯೇ ಇರುತ್ತದೆ. ಅದರ ಜೊತೆಗೇ ಬದುಕುವ ಶಕ್ತಿ ದಿನದಿನದ ಲೆಕ್ಕದಲ್ಲಿ ಸಿಗುತ್ತದೆ. ವರ್ಷದ್ದನ್ನು ಒಟ್ಟಿಗೆ ಕೇಳಬೇಡ. ಯಾಕೆ ಹೀಗಾಯಿತು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯೋಬನಿಗೂ ಸಿಗಲಿಲ್ಲ. ಉಳಿದದ್ದರಲ್ಲಿ ಇವತ್ತು ಏನು ಮಾಡಬಹುದು ಎಂದು ಕೇಳಿಕೋ.

ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಅಮ್ಮನ ಪಕ್ಕ ಕೂತು ಒಂದು ಕೀರ್ತನೆ ಓದು, ಸಾಕು. ಭಾನುವಾರ ಆರಾಧನೆಗೆ ಬಾ. ಹಾಡಲಾಗದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತಿರು. ನಿನ್ನ ಪಾಲಿನದನ್ನೂ ನಾವು ಹಾಡುತ್ತೇವೆ. ರಾತ್ರಿಗಳೆಲ್ಲ ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ ಡಾಕ್ಟರಿಗೆ ತೋರಿಸು. ಅದು ವಿಶ್ವಾಸ ಕಳೆದುಕೊಂಡಂತಲ್ಲ.

ಸೋಮವಾರ ನಗರಸಭೆಗೆ ಹೋಗಿ ಮರಣ ಪ್ರಮಾಣಪತ್ರ ತರಬೇಕು, ಅಮ್ಮನ ಕುಟುಂಬ ಪಿಂಚಣಿಗೆ ಬೇಕಾಗುತ್ತದೆ. ಅಪ್ಪನ ಆಧಾರ್ ಕಾರ್ಡ್ ಹುಡುಕಿಡು. ನಾನೂ ಜೊತೆಗೆ ಬರುತ್ತೇನೆ.