ಪರನಾಡಿನ ಊಟ: ರುಚಿಯೂ ಇರಲಿ, ಎಚ್ಚರವೂ ಇರಲಿ

ರಜೆಯಲ್ಲಿ ಥಾಯ್ಲೆಂಡಿಗೆ ಹೋಗಿಬರುವ ಕುಟುಂಬಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಕೆಲವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಅಲ್ಲಿನ ಊಟದ ತಂಟೆಗೇ ಹೋಗುವುದಿಲ್ಲ. ಇನ್ನು ಕೆಲವರು ಕಂಡದ್ದನ್ನೆಲ್ಲ ತಿಂದು ವಾಂತಿ, ಭೇದಿಯಿಂದ ಹಾಸಿಗೆ ಹಿಡಿಯುತ್ತಾರೆ. ಸ್ವಲ್ಪ ತಿಳಿವಳಿಕೆಯಿದ್ದರೆ ಎರಡೂ ಬೇಕಿಲ್ಲ.

ಪ್ರವಾಸದಲ್ಲಿ ಭೇದಿಯಾಗುವುದು ಹೆಚ್ಚಾಗಿ ರೋಗಾಣುಗಳಿಂದ. ಮಲಿನ ನೀರು, ಕೊಳೆಯಾದ ಕೈ, ಪಾತ್ರೆಗಳ ಮೂಲಕ ಅವು ಆಹಾರಕ್ಕೆ ಸೇರುತ್ತವೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದ್ದರಿಂದ ಅಂಗಡಿಯ ಅಂದಕ್ಕಿಂತ ಅಡುಗೆಯ ಬಿಸಿಯನ್ನು ನೋಡಿ. ಬೀದಿಬದಿಯಲ್ಲಿ ನಿಮ್ಮ ಕಣ್ಣೆದುರೇ ಹುರಿದು ಕೊಡುವ 'ಪ್ಯಾಡ್ ಥಾಯ್' ಅಕ್ಕಿ ನೂಡಲ್ಸ್, ದೊಡ್ಡ ಹೋಟೆಲಿನಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತ ಅನ್ನಕ್ಕಿಂತ ಮೇಲು.

ಅದರ ಜೊತೆ ಕೊಡುವ ಹಸಿ ಮೊಳಕೆಕಾಳು, ಹೆಚ್ಚಿಟ್ಟ ಹಣ್ಣು ಬೇಡ. ನೀವೇ ಸುಲಿದ ಬಾಳೆಹಣ್ಣು, ರಂಬುಟಾನ್ ಆಗಬಹುದು. ಸೀಲು ಒಡೆಯದ ಬಾಟಲಿಯ ನೀರನ್ನೇ ಕುಡಿಯಿರಿ. ಈಶಾನ್ಯ ಥಾಯ್ಲೆಂಡಿನಲ್ಲಿ ಅಂಟು ಅನ್ನವನ್ನು ಕೈಯಿಂದ ಉಂಡೆ ಮಾಡಿ ತಿನ್ನುವುದು ವಾಡಿಕೆ. ನಮಗೂ ಒಗ್ಗುವಂಥದ್ದೇ, ಸೋಪಿನಿಂದ ಕೈ ತೊಳೆದು ಕೂತರೆ ಸರಿ. ಆದರೆ ಅಲ್ಲಿನ 'ಕೋಯಿ ಪ್ಲಾ' ಎಂಬ ಹಸಿ ಮೀನಿನ ಖಾದ್ಯವನ್ನು ಮುಟ್ಟಬೇಡಿ. ಸಿಹಿನೀರಿನ ಆ ಮೀನಿನಲ್ಲಿರಬಹುದಾದ ಚಪ್ಪಟೆ ಹುಳು ನಮ್ಮ ಪಿತ್ತನಾಳದಲ್ಲಿ ವರ್ಷಗಟ್ಟಲೆ ಉಳಿದು ಕ್ಯಾನ್ಸರಿಗೂ ಕಾರಣವಾಗಬಲ್ಲದು. ಲಿಂಬೆರಸ ಹಿಂಡಿದ ಮಾತ್ರಕ್ಕೆ ಅದು ಸಾಯುವುದಿಲ್ಲ.

ಸಸ್ಯಾಹಾರಿಗಳು 'ಮಾಂಸ ಬೇಡ' ಎಂದರಷ್ಟೇ ಸಾಲದು. ಮೀನಿನ ಸಾಸ್, ಸಿಗಡಿ ಪೇಸ್ಟ್ ಅಲ್ಲಿನ ಅನೇಕ ಪದಾರ್ಥಗಳಲ್ಲಿರುತ್ತವೆ. 'ಜೇ' ಊಟ ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಕಡಲೆಕಾಯಿ ಬೀಜ ಒಗ್ಗದವರು ಮೊದಲೇ ವಿಚಾರಿಸಿ.

ಇಷ್ಟಾಗಿಯೂ ಭೇದಿಯಾದರೆ ಗಾಬರಿ ಬೇಡ. ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿಯೇ ಕೊಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ಕೂಡಲೇ ವೈದ್ಯರ ಬಳಿ ಹೋಗಿ.

ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂಬುದನ್ನು ನಿಮ್ಮ ವೈದ್ಯರಿಗೆ ಮರೆಯದೆ ತಿಳಿಸಿ.