ಸೆಗಣಿಯೇ ಹಾಸಿಗೆ: ಹೈನುಗಾರರಿಗೊಂದು ಪಾಠ

ಕೃಷ್ಣಾ ತೀರದ ಭಿಲವಡಿಯಲ್ಲಿ 1939ರಲ್ಲಿ ಚಿತಳೆ ಮನೆತನವು ಹೈನೋದ್ಯಮವನ್ನು ಆರಂಭಿಸಿತು. ಅಂದಿನಿಂದ ಸಾಂಗಲಿ-ಮಿರಜ ಪರಿಸರದಲ್ಲಿ ಹಾಲು ಕಬ್ಬಿನಷ್ಟೇ ಮುಖ್ಯವಾದ ಜೀವನಾಧಾರವಾಗಿ ಬೆಳೆದಿದೆ. ಈ ಶಾಲೆಯಲ್ಲಿ ಅಕ್ಷರ ಕಲಿತು ಪಶುವೈದ್ಯನಾದ ನಾನು, ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಹೈನುಗಾರ ಬಂಧುಗಳಿಗೆ ಉಪಯುಕ್ತವಾದ ಒಂದು ವಿಷಯವನ್ನು ಅರಿಕೆ ಮಾಡಬಯಸುತ್ತೇನೆ.

ಹಾಲು ಕೊಡುವ ಆಕಳು ದಿನದ 24 ತಾಸುಗಳಲ್ಲಿ ಸುಮಾರು 12 ತಾಸು ಮಲಗಬೇಕು. ಮೆಲುಕು ಹಾಕುವುದೂ ಕಾಲುಗಳಿಗೆ ವಿಶ್ರಾಂತಿ ದೊರೆಯುವುದೂ ಆಗಲೇ. ಗಟ್ಟಿಯಾದ ಫರಸಿಯ ಮೇಲೆ ಕಟ್ಟಿದ ದನ ಕಡಿಮೆ ಮಲಗುತ್ತದೆ. ಅದರ ಮೊಣಕಾಲು, ಗೊರಸುಗಳು ಕೆಡುತ್ತವೆ. ಮೆತ್ತನೆಯ ಹಾಸಿಗೆ ಬೇಕು, ಆದರೆ ಹೊಟ್ಟು-ಮೇವು ದುಬಾರಿ. ಹಾಗಾದರೆ ಏನನ್ನು ಹಾಸಬೇಕು?

ಸೆಗಣಿಯನ್ನೇ ಎಂಬುದು ಒಂದು ಉತ್ತರ. ಅಮೇರಿಕದ ದೊಡ್ಡ ಹೈನು ಕೇಂದ್ರಗಳಲ್ಲಿ ಸೆಗಣಿಯ ರಾಡಿಯನ್ನು ಯಂತ್ರದಿಂದ ಹಿಂಡಿ, ಉಳಿದ ನಾರನ್ನು ಹಾಸುವ ಪದ್ಧತಿ 1970ರ ದಶಕದಿಂದಲೂ ಇದೆ. ನಮ್ಮಲ್ಲಿ ಮರಾಠಿಗರು ‘ಮುಕ್ತ ಸಂಚಾರ ಗೋಠಾ’ ಎನ್ನುವ ಕೊಟ್ಟಿಗೆಯಲ್ಲಿ ದನಗಳನ್ನು ಕಟ್ಟದೆ ಬಿಡುತ್ತಾರೆ. ಅಂಗಳದಲ್ಲಿ ಬಿದ್ದ ಸೆಗಣಿ ಬಿಸಿಲಿಗೆ ಒಣಗಿ, ತುಳಿತಕ್ಕೆ ಪುಡಿಯಾಗಿ, ತಾನೇ ಹಾಸಿಗೆಯಾಗುತ್ತದೆ. ಯಂತ್ರದ ಕೆಲಸವನ್ನು ಇಲ್ಲಿ ಸೂರ್ಯನೇ ಮಾಡುತ್ತಾನೆ.

ಆದರೆ ಎಚ್ಚರಿಕೆ ಅಗತ್ಯ. ಹಸಿ ಸೆಗಣಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ತೇವ ಮತ್ತು ಬೆಚ್ಚಗಿನ ಹವೆ ಕೂಡಿದಲ್ಲಿ ರೋಗಾಣುಗಳು ಬೆಳೆದು, ಮೊಲೆಯ ತುದಿಯಿಂದ ಒಳಹೊಕ್ಕು ಕೆಚ್ಚಲು ಬಾವನ್ನು ತರುತ್ತವೆ. ಕೆಚ್ಚಲಿನ ಒಂದು ಭಾಗ ಬತ್ತಿಹೋದರೆ ಎರಡೇ ಆಕಳುಗಳನ್ನು ನಂಬಿದ ಮನೆಯ ಲೆಕ್ಕವೇ ತಪ್ಪುತ್ತದೆ. ಸೆಗಣಿಯನ್ನು ಗುಂಪೆ ಹಾಕಿ, ಕಾಯಿಸಿ, ತಿರುವಿದರೆ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಆದರೂ ಹಾಸಿದ ಮೇಲೆ ತೇವವಾದರೆ ಒಂದೆರಡು ದಿನಗಳಲ್ಲಿಯೇ ಮತ್ತೆ ಹೆಚ್ಚುತ್ತವೆ. ಆದ್ದರಿಂದ ಒಣಗಿಸುವುದೇ ಈ ಪಾಠದ ಸಾರ.

ಅನುಸರಿಸಬೇಕಾದ ಕ್ರಮಗಳು ಹೀಗಿವೆ:

1. ಸೆಗಣಿಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿರಿ. ಅಂಗೈಗೆ ಪಸೆ ಹತ್ತಿದರೆ ಅದು ಹಾಸಿಗೆಗೆ ಯೋಗ್ಯವಲ್ಲ.

2. ತೆಳ್ಳಗೆ ಹಾಸಿರಿ, ಒದ್ದೆಯಾದುದನ್ನು ದಿನಾಲು ತೆಗೆಯಿರಿ. ಅಂಗಳವನ್ನು ಆಗಾಗ ಕುಂಟೆಯಾಡಿಸಿರಿ.

3. ಹೊಲದಲ್ಲಿ ಸುಟ್ಟು ಹಾಕುವ ಕಬ್ಬಿನ ರವದಿಯನ್ನು ಸಣ್ಣಗೆ ಕತ್ತರಿಸಿ ಬೆರೆಸಿರಿ. ಅದು ತೇವವನ್ನು ಹೀರುತ್ತದೆ.

4. ಹಿಂಡಿದ ಕೂಡಲೆ ಮೊಲೆಗಳನ್ನು ಔಷಧಿ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿರಿ. ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ತಾಸು ಬೇಕು. ಅಲ್ಲಿಯವರೆಗೆ ದನ ನಿಂತಿರಲಿ.

5. ರೋಗಿಷ್ಠ ದನದ ಅಥವಾ ಬೇರೆಯವರ ಕೊಟ್ಟಿಗೆಯ ಸೆಗಣಿಯನ್ನು ಹಾಸಬೇಡಿರಿ. ಕರು ಹಾಕುವ ಜಾಗದಲ್ಲಿ ಮತ್ತು ಎಳೆಗರುಗಳಿಗೆ ಇದು ಸಲ್ಲದು.

6. ಮಳೆಗಾಲದಲ್ಲಿ ಈ ಪದ್ಧತಿಯನ್ನು ನಿಲ್ಲಿಸಿರಿ. 2019ರ ಆಗಸ್ಟದ ಕೃಷ್ಣೆಯ ಮಹಾಪೂರವನ್ನು ಕಂಡ ನಮಗೆ ತೇವವೆಂದರೇನೆಂದು ಬೇರೆ ಹೇಳಬೇಕಿಲ್ಲ. ಆಗ ಒಣ ರವದಿಯೇ ಲೇಸು. ಅದನ್ನು ಬೇಸಿಗೆಯಲ್ಲಿಯೇ ಕೂಡಿಡಬೇಕು.

ಕುಳ್ಳಿಗೆ, ಗೊಬ್ಬರಕ್ಕೆ ಬೇಕಾದ ಸೆಗಣಿಯನ್ನು ಹಾಸಿಗೆಗೆ ವ್ಯಯಿಸುವುದೇಕೆಂದು ಹಿರಿಯರು ಕೇಳಬಹುದು. ಕುಳ್ಳು ಉರಿದರೆ ಬೂದಿಯಷ್ಟೇ ಉಳಿಯುತ್ತದೆ. ಹಾಸಿಗೆಯಾದ ಸೆಗಣಿ ಗಂಜಲವನ್ನೂ ಹೀರಿಕೊಂಡು, ತಿಪ್ಪೆ ಸೇರಿ, ಕೊನೆಗೆ ಹೊಲಕ್ಕೇ ಮರಳುತ್ತದೆ. ದನಕ್ಕೆ ಸುಖನಿದ್ರೆ, ಭೂಮಿಗೆ ಸತ್ವ ಎರಡನ್ನೂ ಕೊಡುವ ಈ ಮಾರ್ಗವನ್ನು ಬರುವ ಬೇಸಿಗೆಯಲ್ಲಿ ಒಂದೇ ದನದ ಜಾಗದಲ್ಲಿ ಪ್ರಯೋಗಿಸಿ ನೋಡಬೇಕೆಂದು ವಿನಂತಿಸುತ್ತೇನೆ.