ಊಟ ಬಿಟ್ಟವರ ಮನಸ್ಸಿನಲ್ಲಿ ಸಾವಿನ ಯೋಚನೆ ಇದ್ದರೆ: ಮನೆಯವರಿಗೊಂದು ಕೈಪಿಡಿ

ಮಗಳು ಊಟ ಬಿಡುತ್ತಿದ್ದಾಳೆ, ಅಥವಾ ತಮ್ಮ ಯಾರಿಗೂ ಕಾಣದಂತೆ ವಿಪರೀತ ತಿಂದು ಆಮೇಲೆ ಬಾಗಿಲು ಹಾಕಿಕೊಂಡು ಅಳುತ್ತಾನೆ ಎಂದು ಗೊತ್ತಾದಾಗ ಮನೆಯವರ ಕಣ್ಣೆಲ್ಲ ತಟ್ಟೆಯ ಮೇಲೆ, ತೂಕದ ಮೇಲೆ. ಅದು ಸಹಜವೇ. ಆದರೆ ಅನೊರೆಕ್ಸಿಯಾ, ಅಂದರೆ ಊಟ ಬಿಟ್ಟು ಸೊರಗುವ ಕಾಯಿಲೆ ಇರುವವರ ಸಾವುಗಳ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ತೀರಿಕೊಂಡವರಲ್ಲಿ ಐವರಿಗೆ ಒಬ್ಬರು ಆತ್ಮಹತ್ಯೆಯಿಂದ ಹೋದವರು. ವಿಪರೀತ ತಿಂದು ಆಮೇಲೆ ಅದನ್ನು ಸರಿದೂಗಿಸಲು ಒದ್ದಾಡುವ ಬುಲಿಮಿಯಾ ಕಾಯಿಲೆ ಇರುವವರಲ್ಲೂ ಆತ್ಮಹತ್ಯೆಯ ಪ್ರಯತ್ನಗಳು ಇತರರಿಗಿಂತ ಹೆಚ್ಚು. ಚಿಕಿತ್ಸೆ ವೈದ್ಯರ ಕೆಲಸ. ಒಳಗಿನ ಸಂಕಟವನ್ನು ಗುರುತಿಸಿ ವೈದ್ಯರವರೆಗೆ ಕರೆದೊಯ್ಯುವುದು ಮಾತ್ರ ಮನೆಯವರಿಂದ ಆಗಬೇಕಾದದ್ದು.

ಹಂತ 1: ಹಸಿವು ಮನಸ್ಸಿಗೆ ಏನು ಮಾಡುತ್ತದೆಂದು ತಿಳಿಯಿರಿ

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಗಟ್ಟಿ ಮನಸ್ಸಿನವರೆಂದೇ ಆರಿಸಿದ್ದ ಆ ಯುವಕರು ಮಂಕಾದರು, ಸಣ್ಣ ಮಾತಿಗೂ ರೇಗತೊಡಗಿದರು, ಗೆಳೆಯರಿಂದ ದೂರ ಸರಿದರು. ತಲೆಯಲ್ಲಿ ಊಟದ್ದೇ ಧ್ಯಾನ. ಹಾಗಾಗಿ ನಿಮ್ಮ ಮಗಳ ಸಿಡುಕು, ಮೌನಗಳನ್ನು ಹಟ ಎಂದುಕೊಳ್ಳಬೇಡಿ. ಹೊಟ್ಟೆಗಿಲ್ಲದ ಮಿದುಳಿಗೆ ಇನ್ನೊಂದು ದಾರಿ ಯೋಚಿಸುವುದೇ ಕಷ್ಟ. "ಇದು ಎಂದೂ ಮುಗಿಯಲ್ಲ" ಎನ್ನುವ ಹತಾಶೆ ಅಲ್ಲಿ ಬೇಗ ಬೇರೂರುತ್ತದೆ.

ಹಂತ 2: ಮಾತಿನಲ್ಲಿ ಏನಿದೆ ಎಂದು ಕಿವಿಗೊಡಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾನು ಎಲ್ಲರಿಗೂ ಭಾರ ಎಂಬ ಭಾವನೆ ಒಂದು, ನನ್ನವರು ಅಂತ ಯಾರೂ ಇಲ್ಲ ಎಂಬುದು ಇನ್ನೊಂದು. ಇವೆರಡೂ ಕೂಡಿದಾಗ ಸಾಯುವ ಬಯಕೆ ಹುಟ್ಟುತ್ತದೆ ಎನ್ನುತ್ತಾರೆ ಅವರು. ಊಟದ ಕಾಯಿಲೆ ಈ ಎರಡನ್ನೂ ಬೆಳೆಸುತ್ತದೆ. ಮನೆಯಲ್ಲಿ ದಿನಾ ಊಟದ ವಿಷಯಕ್ಕೇ ಜಗಳ. "ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಅವಳು ಹೇಳಿದರೆ ಅದನ್ನು ಮುನಿಸಿನ ಮಾತೆಂದು ತಳ್ಳಿಹಾಕಬೇಡಿ. ಮದುವೆ, ಹಬ್ಬಗಳಿಗೆ ಹೋದರೆ ಊಟದ ಪಂಕ್ತಿಯಲ್ಲಿ ಕೂರಬೇಕು. ಅದಕ್ಕೆ ಹೆದರಿ ಅವಳು ಮನೆಯಲ್ಲೇ ಉಳಿಯುತ್ತಾಳೆ, ನಂಟು ಕಡಿಯುತ್ತಾ ಹೋಗುತ್ತದೆ.

ಜಾಯ್ನರ್ ಹೇಳುವ ಮೂರನೆಯ ಅಂಶ ನೋವಿಗೆ ಒಗ್ಗಿಹೋಗುವುದು. ವರ್ಷಗಟ್ಟಲೆ ಹಸಿವು, ಸಂಕಟ ಸಹಿಸಿದವರಲ್ಲಿ ದೇಹವನ್ನು ಕಾಯುವ ಸಹಜ ಭಯ ತಗ್ಗಿರಬಹುದು. "ಅವಳು ಪುಕ್ಕಲಿ, ಏನೂ ಮಾಡಿಕೊಳ್ಳಲ್ಲ" ಎಂಬ ಧೈರ್ಯ ಬೇಡ.

ಇವುಗಳ ಜೊತೆಗೆ ನಾಚಿಕೆ ಇದೆ. ಗುಟ್ಟಾಗಿ ತಿನ್ನುವವರಲ್ಲಿ ಅದು ಇನ್ನೂ ಆಳ. ಎಲ್ಲದರಲ್ಲೂ ನೂರಕ್ಕೆ ನೂರು ಬರಬೇಕೆಂಬ ಹಟವೂ ಇರುತ್ತದೆ. ಒಂದು ಅಂಕ ಕಡಿಮೆಯಾದರೆ ತಾನೇ ಅಪ್ರಯೋಜಕಿ ಎಂಬ ತೀರ್ಮಾನ. ಕೆಲವರಿಗೆ ತಮಗೆ ಸಿಟ್ಟೋ ದುಃಖವೋ ಎಂದೇ ತಿಳಿಯುವುದಿಲ್ಲ, "ನಾನು ದಪ್ಪಗಿದ್ದೀನಿ" ಎಂದಷ್ಟೇ ಹೇಳುತ್ತಾರೆ. ಆ ಮಾತಿಗೆ "ಇಲ್ಲ, ಸಣ್ಣಗಿದ್ದೀಯ" ಎಂದು ವಾದಿಸುವ ಬದಲು "ಇವತ್ತು ಏನಾಯ್ತು?" ಎಂದು ಕೇಳಿ.

ಹಂತ 3: ತೂಕ ನೋಡಿ ಸಮಾಧಾನ ಪಡಬೇಡಿ

ದಪ್ಪಗಿರುವವರಿಗೂ ಈ ಕಾಯಿಲೆ ಬರುತ್ತದೆ, ಗಂಡುಮಕ್ಕಳಿಗೂ ಬರುತ್ತದೆ. ಚಿಕಿತ್ಸೆಯಿಂದ ತೂಕ ಏರುವ ಹೊತ್ತಿನಲ್ಲೂ ಮನಸ್ಸಿನ ಕಳವಳ ಹೆಚ್ಚಬಹುದು. ಆಸರೆಯಾಗಿದ್ದ ಕಾಯಿಲೆ ಕೈಜಾರುತ್ತಿದೆ, ದೇಹ ಮಾತ್ರ ಬೆಳೆಯುತ್ತಿದೆ ಎಂದು ಅವರಿಗನಿಸುತ್ತದೆ. ಆಗ ನೆಂಟರೊಬ್ಬರು ಪ್ರೀತಿಯಿಂದಲೇ "ಈಗ ಮೈಕೈ ತುಂಬಿಕೊಂಡಿದ್ದೀಯ" ಎಂದರೂ ಅದು ಇರಿದಂತಾಗುತ್ತದೆ. ಮೈಕಟ್ಟಿನ ಮಾತೆತ್ತಬೇಡಿ ಎಂದು ಮನೆಗೆ ಬರುವವರಿಗೆ ಮೊದಲೇ ತಿಳಿಸಿಡಿ.

ಹಂತ 4: ನೇರವಾಗಿ ಕೇಳಿ

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಕೇಳಿದ್ದರಿಂದ ಎಷ್ಟೋ ಜನಕ್ಕೆ ಎದೆ ಹಗುರಾಗುತ್ತದೆ. ಊಟದ ಹೊತ್ತು ಬೇಡ. ಒಗೆದ ಬಟ್ಟೆ ಮಡಿಸುತ್ತಾ ಇಬ್ಬರೇ ಕೂತಿರುವಾಗ ಕೇಳಬಹುದು:

"ಪುಟ್ಟಿ, ನೀನು ತುಂಬಾ ಒದ್ದಾಡ್ತಿದ್ದೀಯ ಅಂತ ಕಾಣ್ತಿದೆ. ಸತ್ತೋಗಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?"

"ಹೂಂ" ಎಂದರೆ ಗಾಬರಿ ತೋರಿಸಬೇಡಿ, ಆಣೆ ಹಾಕಿಸಬೇಡಿ, "ನಮ್ಮ ಬಗ್ಗೆ ಯೋಚಿಸಲಿಲ್ವಾ" ಎನ್ನಲೇಬೇಡಿ. ಭಾರವಾಗಿದ್ದೇನೆ ಎಂದುಕೊಂಡವರ ತಲೆಯ ಮೇಲೆ ಅದು ಇನ್ನೊಂದು ಭಾರ. "ಹೇಳಿದ್ದು ಒಳ್ಳೇದಾಯ್ತು ಕಣೇ. ಇವತ್ತು ನಿನ್ನ ಜೊತೆ ನಾನೇ ಮಲಗ್ತೀನಿ. ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ." ಅಷ್ಟು ಸಾಕು. ಹೇಗೆ, ಯಾವಾಗ ಎಂಬುದನ್ನೂ ಅವಳು ಯೋಚಿಸಿಟ್ಟಿದ್ದರೆ ಬೆಳಗಾಗುವುದನ್ನು ಕಾಯಬೇಡಿ. ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ, ಆಂಬುಲೆನ್ಸಿಗೆ 108.

ಹಂತ 5: ಕೂತು ಒಂದು ಹಾಳೆ ಬರೆಯಿರಿ

ಸ್ಟ್ಯಾನ್ಲಿ ಮತ್ತು ಬ್ರೌನ್ ಎಂಬ ತಜ್ಞರು ರೂಪಿಸಿದ ಸುರಕ್ಷತಾ ಯೋಜನೆಯನ್ನು ವೈದ್ಯರು ಬಳಸುತ್ತಾರೆ. ಅದನ್ನು ಅವಳ ಮಾತಿನಲ್ಲೇ ಬರೆಯಬೇಕು. ಮನಸ್ಸು ಕೆಡುವ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಎಲ್ಲಿ, ಯಾರ ಜೊತೆ ಇದ್ದರೆ ಗಮನ ಬೇರೆಡೆ ತಿರುಗುತ್ತದೆ, ಸಹಾಯಕ್ಕೆ ಯಾರನ್ನು ಕರೆಯಬೇಕು, ವೈದ್ಯರ ನಂಬರ್ ಯಾವುದು. ಮನೆಯಲ್ಲಿರುವ ಮಾತ್ರೆ, ಔಷಧಿಗಳು ಒಬ್ಬ ಹಿರಿಯರ ಬಳಿ ಬೀಗದಲ್ಲಿರಲಿ.

ಹಂತ 6: ಇಬ್ಬರು ವೈದ್ಯರು ಬೇಕು

ಮನಸ್ಸಿಗೊಬ್ಬರು, ದೇಹಕ್ಕೊಬ್ಬರು. ಬಹಳ ದಿನ ಸರಿಯಾಗಿ ಊಟ ಮಾಡದವರಿಗೆ ಒಮ್ಮೆಲೇ ಹೊಟ್ಟೆತುಂಬ ತಿನ್ನಿಸುವುದು ಜೀವಕ್ಕೇ ಅಪಾಯ. ಎಷ್ಟು, ಹೇಗೆ ಎಂಬುದನ್ನು ವೈದ್ಯರೇ ಹೇಳಲಿ. ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಾಲುಗಳನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೂ ಆ ನಂಬರ್ ನಿಮ್ಮದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆ ಸಿಗುತ್ತದೆ. ಆತ್ಮಹತ್ಯೆಯ ಪ್ರಯತ್ನ ನಡೆದಿದ್ದರೆ ಪೊಲೀಸ್ ಕೇಸಾಗುತ್ತದೆಂದು ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಪರಿಗಣಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು ನಾಜೂಕಿನವು. ಮುಂದಿನ ಭೇಟಿಯ ದಿನಾಂಕ ಗೊತ್ತುಮಾಡಿಕೊಂಡೇ ಆಸ್ಪತ್ರೆಯಿಂದ ಹೊರಡಿ, ನಾಲ್ಕನೇ ಹಂತದ ಪ್ರಶ್ನೆಯನ್ನು ಆಗಾಗ ಮತ್ತೆ ಕೇಳುತ್ತಿರಿ.